ಸಬ್‌ಡೊಮೈನ್‌ನೊಳಗಿನ ಸಬ್‌ಡೊಮೈನ್‌ಗೆ ವೈಲ್ಡ್‌ಕಾರ್ಡ್ ಎಸ್‌ಎಸ್‌ಎಲ್: ಹೆಸರಿನ ಪಟ್ಟಿಯಿಂದ ನವೀಕರಣದವರೆಗೆ

ಮಂಗಳೂರು, ಉಡುಪಿ ಕಡೆ ಸಣ್ಣ ಸಂಸ್ಥೆಗಳ ವೆಬ್‌ಸೈಟ್ ನೋಡಿಕೊಳ್ಳುವವರು ಮತ್ತೆ ಮತ್ತೆ ಮುಗ್ಗರಿಸುವ ಜಾಗ ಒಂದಿದೆ. ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ (ಸ್ಟಾರ್ ಗುರುತಿನಿಂದ ಒಂದು ಡೊಮೈನ್‌ನ ಹಲವು ಸಬ್‌ಡೊಮೈನ್‌ಗಳಿಗೆ ಸಲ್ಲುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್) ತೆಗೆದುಕೊಂಡಿರುತ್ತಾರೆ, ಸರ್ವರ್‌ಗೆ ಹಾಕಿಯೂ ಇರುತ್ತಾರೆ. ಉಡುಪಿ ಶಾಖೆಯ ಪುಟ ಚೆನ್ನಾಗಿ ತೆರೆಯುತ್ತದೆ. ಅದೇ ಶಾಖೆಯ ಬುಕಿಂಗ್ ಪುಟಕ್ಕೆ ಹೋದರೆ ಬ್ರೌಸರ್ ಎಚ್ಚರಿಕೆ ತೋರಿಸಿ ನಿಲ್ಲಿಸುತ್ತದೆ. ಕೌಂಟರಿನಿಂದ ಫೋನ್ ಬರುತ್ತದೆ: "ಬುಕಿಂಗ್ ಓಪನ್ ಆಗ್ತಾ ಇಲ್ಲ ಮಾರಾಯ್ರೆ, ಸೇಫ್ ಅಲ್ಲ ಅಂತ ಬರ್ತಾ ಉಂಟು." ಆಮೇಲೆ ಶುರುವಾಗುತ್ತದೆ ಪರದಾಟ. ಸರ್ಟಿಫಿಕೇಟ್ ತೆಗೆದು ಮತ್ತೆ ಹಾಕುವುದು, ಸರ್ವರ್ ರೀಸ್ಟಾರ್ಟ್ ಮಾಡುವುದು, ಕೊನೆಗೆ ಅದೇ ಹೆಸರಿಗೆ ಇನ್ನೊಂದು ವೈಲ್ಡ್‌ಕಾರ್ಡ್ ಕೊಳ್ಳುವುದು. ಇದರಲ್ಲಿ ಯಾವುದರಿಂದಲೂ ಪ್ರಯೋಜನವಿಲ್ಲ, ಏಕೆಂದರೆ ತಪ್ಪು ನಡೆದಿರುವುದು ಸರ್ಟಿಫಿಕೇಟ್ ತೆಗೆದುಕೊಳ್ಳುವ ಮೊದಲೇ, ಹೆಸರು ಇಡುವಾಗ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸರ್ಟಿಫಿಕೇಟ್ ಕೇಳುವುದು ಆರನೆಯ ಹಂತ, ಮೊದಲನೆಯದಲ್ಲ.

ವಿವರಣೆಗೆ ಒಂದು ಕಲ್ಪಿತ ಲಾಡ್ಜ್ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ಮುಖ್ಯ ಕಚೇರಿ ಮಂಗಳೂರಿನ ಹಂಪನಕಟ್ಟೆಯಲ್ಲಿ, ಒಂದು ಲಾಡ್ಜ್ ಉಡುಪಿಯ ಕಲ್ಸಂಕದಲ್ಲಿ, ಇನ್ನೊಂದು ಮಲ್ಪೆಯಲ್ಲಿ. ಡೊಮೈನ್ ಎಕ್ಸಾಂಪಲ್.ಕಾಮ್. ಇದು ಉದಾಹರಣೆಗಳಿಗೆಂದೇ ಕಾಯ್ದಿರಿಸಿದ ಹೆಸರು, ಇದರ ಜಾಗದಲ್ಲಿ ನಿಮ್ಮದನ್ನು ಇಟ್ಟುಕೊಳ್ಳಿ. ಹೆಸರುಗಳನ್ನೂ ಆದೇಶಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ.

ಹಂತ 1: ಎಲ್ಲ ಹೆಸರುಗಳನ್ನು ಬರೆದು, ಮಟ್ಟ ಎಣಿಸಿ

ಒಂದು ಹಾಳೆ ಅಥವಾ ಎಕ್ಸೆಲ್ ಶೀಟ್ ತೆಗೆದುಕೊಂಡು, ಜನ ಬ್ರೌಸರಿನಲ್ಲಿ ತೆರೆಯುವ ಪ್ರತಿ ವಿಳಾಸವನ್ನೂ ಬರೆಯಿರಿ. ಮೊಬೈಲ್ ಆ್ಯಪ್ ಒಳಗಿನಿಂದ ಕರೆಯುವ ಎಪಿಐ ವಿಳಾಸ, ಪೇಮೆಂಟ್ ಗೇಟ್‌ವೇಗೆ ಕೊಟ್ಟ ಕಾಲ್‌ಬ್ಯಾಕ್ ವಿಳಾಸ, ಕೌಂಟರಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡ್‌ನೊಳಗಿರುವ ವಿಳಾಸ, ಎಲ್ಲವೂ ಪಟ್ಟಿಯಲ್ಲಿರಲಿ. ಹೆಚ್ಚಿನವರು ಮರೆಯುವುದು ಈ ಮೂರನ್ನೇ. ನಮ್ಮ ಲಾಡ್ಜಿನ ಪಟ್ಟಿ ಹೀಗಿದೆ ಎಂದುಕೊಳ್ಳಿ:

ಎಕ್ಸಾಂಪಲ್.ಕಾಮ್
ಉಡುಪಿ.ಎಕ್ಸಾಂಪಲ್.ಕಾಮ್
ಮಲ್ಪೆ.ಎಕ್ಸಾಂಪಲ್.ಕಾಮ್
ಬುಕಿಂಗ್.ಉಡುಪಿ.ಎಕ್ಸಾಂಪಲ್.ಕಾಮ್
ಬುಕಿಂಗ್.ಮಲ್ಪೆ.ಎಕ್ಸಾಂಪಲ್.ಕಾಮ್
ಬಿಲ್.ಮಲ್ಪೆ.ಎಕ್ಸಾಂಪಲ್.ಕಾಮ್

ಈಗ ಪ್ರತಿ ಹೆಸರಿನಲ್ಲಿ ಎಕ್ಸಾಂಪಲ್.ಕಾಮ್‌ನ ಎಡಕ್ಕೆ ಎಷ್ಟು ಭಾಗಗಳಿವೆ ಎಂದು ಎಣಿಸಿ. ಮೊದಲನೆಯದಕ್ಕೆ ಸೊನ್ನೆ, ಉಡುಪಿ ಮತ್ತು ಮಲ್ಪೆಗೆ ಒಂದು, ಉಳಿದವಕ್ಕೆ ಎರಡು. ಪಕ್ಕದಲ್ಲಿ ಆ ಸಂಖ್ಯೆ ಬರೆದಿಡಿ.

*.ಎಕ್ಸಾಂಪಲ್.ಕಾಮ್ ಎಂಬ ಸರ್ಟಿಫಿಕೇಟಿನಲ್ಲಿ ಸ್ಟಾರ್ ಎಂದರೆ ಬಸ್ಸಿನ ಒಂದು ಸೀಟು ಇದ್ದಂತೆ: ಅದರಲ್ಲಿ ಯಾರು ಬೇಕಾದರೂ ಕೂರಬಹುದು, ಆದರೆ ಒಬ್ಬರೇ ಕೂರಬೇಕು, ಖಾಲಿಯೂ ಬಿಡುವಂತಿಲ್ಲ. ಉಡುಪಿ.ಎಕ್ಸಾಂಪಲ್.ಕಾಮ್ ಅದಕ್ಕೆ ಸರಿಹೊಂದುತ್ತದೆ. ಬುಕಿಂಗ್.ಉಡುಪಿ.ಎಕ್ಸಾಂಪಲ್.ಕಾಮ್ ಹೊಂದುವುದಿಲ್ಲ, ಏಕೆಂದರೆ ಸ್ಟಾರ್‌ನ ಜಾಗದಲ್ಲಿ ಎರಡು ಭಾಗ ಬಂದವು. ಬರಿಯ ಎಕ್ಸಾಂಪಲ್.ಕಾಮ್ ಕೂಡ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಏನೂ ಇಲ್ಲ. ಈ ನಿಯಮ 2000ರ ಆರ್‌ಎಫ್‌ಸಿ 2818ರಲ್ಲೇ ಇತ್ತು (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ). ಈಗ ಚಾಲ್ತಿಯಲ್ಲಿರುವ 2023ರ ಆರ್‌ಎಫ್‌ಸಿ 9525 ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಸ್ಟಾರ್ ತೀರಾ ಎಡತುದಿಯ ಭಾಗದಲ್ಲೇ ಇರಬೇಕು, ಆ ಭಾಗದಲ್ಲಿ ಸ್ಟಾರ್ ಬಿಟ್ಟು ಬೇರೇನೂ ಇರಬಾರದು. ಹಾಗಾಗಿ ಬುಕಿಂಗ್.*.ಎಕ್ಸಾಂಪಲ್.ಕಾಮ್ ಆಗದು, ಬುಕ್*.ಎಕ್ಸಾಂಪಲ್.ಕಾಮ್ ಆಗದು, ಎಲ್ಲರೂ ಆಸೆಯಿಂದ ಕೇಳುವ *.*.ಎಕ್ಸಾಂಪಲ್.ಕಾಮ್ ಅಂತೂ ಯಾವ ಸಾರ್ವಜನಿಕ ಸರ್ಟಿಫಿಕೇಟ್ ಸಂಸ್ಥೆಯೂ ಕೊಡುವುದಿಲ್ಲ. "ಎರಡು ಸ್ಟಾರ್ ಹಾಕಿ ಕೊಡುತ್ತೇವೆ" ಎಂದು ಯಾರಾದರೂ ಮರುಮಾರಾಟಗಾರರು ಹೇಳಿದರೆ ದುಡ್ಡು ಕೊಡುವ ಮೊದಲು ಅದನ್ನು ಬರಹದಲ್ಲಿ ಕೇಳಿ.

ಎಚ್ಚರಿಕೆಯ ಲಕ್ಷಣ: ಪಟ್ಟಿಯಲ್ಲಿ ಸಂಖ್ಯೆ 2 ಇರುವ ಹೆಸರು ಒಂದೇ ಒಂದು ಇದ್ದರೂ ನಿಮಗೆ ಒಂದು ಸ್ಟಾರ್ ಸಾಲದು. ಗಮನಿಸಿ, ಉಡುಪಿ ಪುಟಕ್ಕೆ ಜನ ಅಭ್ಯಾಸಬಲದಿಂದ ಡಬ್ಲ್ಯುಡಬ್ಲ್ಯುಡಬ್ಲ್ಯು.ಉಡುಪಿ.ಎಕ್ಸಾಂಪಲ್.ಕಾಮ್ ಎಂದು ಟೈಪ್ ಮಾಡುತ್ತಾರೆ. ಅದೂ ಎರಡನೆಯ ಮಟ್ಟದ್ದೇ. ಅಲ್ಲಿಂದ ಸರಿಯಾದ ವಿಳಾಸಕ್ಕೆ ರೀಡೈರೆಕ್ಟ್ ಮಾಡಿದರಾಯಿತು ಎನ್ನಬೇಡಿ. ಎಚ್‌ಟಿಟಿಪಿಎಸ್‌ನಲ್ಲಿ ಬಂದವರಿಗೆ ಮೊದಲು ಸರ್ಟಿಫಿಕೇಟ್ ಪರಿಶೀಲನೆ, ಆಮೇಲಷ್ಟೇ ರೀಡೈರೆಕ್ಟ್. ಪರಿಶೀಲನೆಯಲ್ಲೇ ನಿಂತರೆ ನಿಮ್ಮ ರೀಡೈರೆಕ್ಟ್ ಅವರನ್ನು ತಲುಪುವುದೇ ಇಲ್ಲ.

ಹಂತ 2: ಮೂರು ಜಾಗದ ಸ್ಟಾರ್‌ಗಳನ್ನು ಬೇರೆ ಬೇರೆಯಾಗಿ ನೋಡಿ

ಇಡೀ ಗೊಂದಲದ ಬೇರು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ. ನೀವು ಸ್ಟಾರ್ ಹಾಕುವುದು ಮೂರು ಕಡೆ: ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ದಾಖಲೆಯಲ್ಲಿ, ವೆಬ್ ಸರ್ವರ್‌ನ ಕಾನ್ಫಿಗರೇಶನ್‌ನಲ್ಲಿ, ಸರ್ಟಿಫಿಕೇಟಿನಲ್ಲಿ. ಮೂರೂ ಕಡೆ ಬರೆಯುವ ರೀತಿ ಒಂದೇ, *.ಎಕ್ಸಾಂಪಲ್.ಕಾಮ್. ಆದರೆ ಅರ್ಥ ಮೂರು.

ಡಿಎನ್‌ಎಸ್‌ನಲ್ಲಿ ಸ್ಟಾರ್ ಆಳಕ್ಕೆ ಇಳಿಯುತ್ತದೆ. *.ಎಕ್ಸಾಂಪಲ್.ಕಾಮ್ ಎಂಬ ಒಂದೇ ಎ ದಾಖಲೆ (ಹೆಸರಿನ ಐಪಿ ಹೇಳುವ ದಾಖಲೆ) ಇದ್ದು, ಉಡುಪಿ ಎಂಬ ಹೆಸರಿಗೆ ಬೇರೆ ದಾಖಲೆ ಇಲ್ಲದಿದ್ದರೆ, ಬುಕಿಂಗ್.ಉಡುಪಿ.ಎಕ್ಸಾಂಪಲ್.ಕಾಮ್‌ಗೂ ಉತ್ತರ ಸಿಗುತ್ತದೆ. ಪಿಂಗ್ ಮಾಡಿದರೆ ಐಪಿ ವಿಳಾಸ ಬರುತ್ತದೆ, ನಿಮಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಸರ್ವರ್ ನೇಮ್ ಸಾಲಿನ ಸ್ಟಾರ್ ಕೂಡ ಹಾಗೆಯೇ, ಎಷ್ಟು ಭಾಗ ಬಂದರೂ ಒಪ್ಪಿಕೊಳ್ಳುತ್ತದೆ. ಅಪಾಚಿಯ ಸರ್ವರ್ ಅಲಿಯಾಸ್ ಕೂಡ. ಸರ್ಟಿಫಿಕೇಟ್ ಮಾತ್ರ ಒಂದೇ ಭಾಗಕ್ಕೆ ಒಪ್ಪುತ್ತದೆ. ಹೀಗಾಗಿ ಹೆಸರು ಸಿಕ್ಕಿತು, ಸರ್ವರ್ ಸಿಕ್ಕಿತು, ಬ್ರೌಸರ್ ಮಾತ್ರ ಬೇಡ ಎಂದಿತು. ಜನ ಆಗ ಸರ್ವರ್ ಮೇಲೆ ಅನುಮಾನ ಪಡುತ್ತಾರೆ.

ಡಿಎನ್‌ಎಸ್ ಸ್ಟಾರ್‌ಗೆ ಇನ್ನೊಂದು ಗುಣವಿದೆ. ಅದು ಉತ್ತರ ಕೊಡುವುದು ಇಲ್ಲದ ಹೆಸರುಗಳಿಗೆ ಮಾತ್ರ. ಉಡುಪಿ.ಎಕ್ಸಾಂಪಲ್.ಕಾಮ್ ಎಂಬ ಹೆಸರು, ಅಥವಾ ಅದರ ಕೆಳಗೆ ಯಾವುದಾದರೂ ಒಂದು ದಾಖಲೆ ಹುಟ್ಟಿತು ಎಂದರೆ, ಆ ಕೊಂಬೆಯ ಮೇಲೆ ಸ್ಟಾರ್‌ನ ಅಧಿಕಾರ ಮುಗಿಯಿತು. 2006ರ ಆರ್‌ಎಫ್‌ಸಿ 4592 ಹೇಳುವುದು ಇದನ್ನೇ. ಇದರಿಂದ ಒಂದು ವಿಚಿತ್ರ ತೊಂದರೆಯಾಗುತ್ತದೆ. ಸರ್ಟಿಫಿಕೇಟ್ ಪಡೆಯಲು, ಹೆಸರು ನಿಮ್ಮದೇ ಎಂದು ತೋರಿಸುವುದಕ್ಕೆ, _ಆಕ್ಮಿ-ಚಾಲೆಂಜ್.ಉಡುಪಿ ಎಂಬ ಟಿಎಕ್ಸ್‌ಟಿ (ಬರಹದ) ದಾಖಲೆ ಸೇರಿಸುತ್ತೀರಿ. ಸೇರಿಸಿದ ಕೂಡಲೇ ಉಡುಪಿ ಎಂಬ ಹೆಸರು ಇದೆ ಎಂದಾಯಿತು. ಅದುವರೆಗೆ ಸ್ಟಾರ್ ಮೇಲೆ ನಡೆಯುತ್ತಿದ್ದ ಉಡುಪಿ ಪುಟಕ್ಕೆ ಈಗ ಐಪಿಯೇ ಸಿಗುವುದಿಲ್ಲ. ನವೀಕರಣದ ಸ್ಕ್ರಿಪ್ಟ್ ಆ ದಾಖಲೆ ಅಳಿಸಿದ ಮೇಲೆ ಪುಟ ತಾನಾಗಿ ವಾಪಸ್ ಬರುತ್ತದೆ. ಎರಡು ತಿಂಗಳಿಗೊಮ್ಮೆ, ರಾತ್ರಿ ಹೊತ್ತು, ಕೆಲವು ನಿಮಿಷ ಸೈಟ್ ಮಾಯವಾಗಿ ಮತ್ತೆ ಬರುವುದಕ್ಕೆ ಇದೇ ಕಾರಣ ಇರಬಹುದು.

ಮಾಡಬೇಕಾದ್ದು: ಸರ್ಟಿಫಿಕೇಟ್ ಕೆಲಸಕ್ಕೆ ಕೈ ಹಾಕುವ ಮೊದಲೇ ಪ್ರತಿ ಶಾಖೆಗೂ ಎರಡು ಎ ದಾಖಲೆ ಸ್ಪಷ್ಟವಾಗಿ ಹಾಕಿ. ಒಂದು ಉಡುಪಿಗೆ, ಇನ್ನೊಂದು *.ಉಡುಪಿಗೆ. ಹಾಗೆಯೇ ಮಲ್ಪೆಗೂ. ಎಲ್ಲವನ್ನೂ ಮೇಲಿನ ಒಂದು ಸ್ಟಾರ್ ಮೇಲೆ ಬಿಡಬೇಡಿ.

ಹಂತ 3: ಎರಡನೆಯ ಮಟ್ಟ ನಿಜವಾಗಿಯೂ ಬೇಕೇ ಎಂದು ತೀರ್ಮಾನಿಸಿ

ಸಣ್ಣ ಸಂಸ್ಥೆಗಳಿಗೆ ನನ್ನ ಸಲಹೆ ಖಡಾಖಂಡಿತ: ಸಾಧ್ಯವಾದರೆ ಹೆಸರನ್ನು ಚಪ್ಪಟೆ ಮಾಡಿ. ಬುಕಿಂಗ್.ಉಡುಪಿ.ಎಕ್ಸಾಂಪಲ್.ಕಾಮ್ ಬದಲು ಬುಕಿಂಗ್-ಉಡುಪಿ.ಎಕ್ಸಾಂಪಲ್.ಕಾಮ್ ಎಂದಿಡಿ. ನಡುವಿನ ಚುಕ್ಕಿ ಹೋಗಿ ಅಡ್ಡಗೆರೆ ಬಂತು, ಹೆಸರು ಒಂದೇ ಭಾಗವಾಯಿತು, ಮೇಲಿನ ಒಂದೇ ವೈಲ್ಡ್‌ಕಾರ್ಡ್ ಅದನ್ನೂ ಸೇರಿಸಿಕೊಳ್ಳುತ್ತದೆ. ಗ್ರಾಹಕರಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ. ಎರಡು ಲಾಡ್ಜ್, ಎರಡು ಸೇವೆ ಇರುವಲ್ಲಿ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಹೊಸದಾಗಿ ಶುರುಮಾಡುವವರು ಇಲ್ಲಿಂದ ನೇರವಾಗಿ ಹಂತ 5ಕ್ಕೆ ಹೋಗಬಹುದು.

ಈಗಾಗಲೇ ಓಡುತ್ತಿರುವ ಹೆಸರನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಮುದ್ರಿಸಿದ ಕ್ಯೂಆರ್ ಕೋಡ್‌ಗಳು, ಗೇಟ್‌ವೇಯಲ್ಲಿ ನೋಂದಾಯಿಸಿದ ಕಾಲ್‌ಬ್ಯಾಕ್, ಹಳೆಯ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಹೋದ ಲಿಂಕ್‌ಗಳು ಹಳೆಯ ಹೆಸರನ್ನೇ ಕೇಳುತ್ತವೆ. ಹೆಸರು ಬದಲಿಸಿದರೂ ಹಳೆಯದಕ್ಕೆ ಸ್ವಲ್ಪ ಕಾಲ ಸರ್ಟಿಫಿಕೇಟ್ ಇರಲೇಬೇಕು, ಇಲ್ಲದಿದ್ದರೆ ರೀಡೈರೆಕ್ಟ್ ಕೆಲಸ ಮಾಡುವುದಿಲ್ಲ. ಶಾಖೆಗಳಿಗೆ ಬೇರೆ ಬೇರೆ ಸರ್ವರ್, ಬೇರೆ ಬೇರೆ ಉಸ್ತುವಾರಿ ಇದ್ದರೂ ಎರಡನೆಯ ಮಟ್ಟಕ್ಕೆ ಅರ್ಥವಿದೆ. ಹಾಗಿದ್ದರೆ ಮುಂದಿನ ಹಂತ ನಿಮಗೆ.

ಹಂತ 4: ಎಷ್ಟು ಸರ್ಟಿಫಿಕೇಟ್, ಯಾವುದರಲ್ಲಿ ಯಾವ ಹೆಸರು

ಒಂದು ಸರ್ಟಿಫಿಕೇಟಿನೊಳಗೆ ಹಲವು ಹೆಸರುಗಳ ಪಟ್ಟಿ ಇಡಬಹುದು. ಇದನ್ನು ಎಸ್‌ಎಎನ್ ಪಟ್ಟಿ ಎನ್ನುತ್ತಾರೆ. ಬ್ರೌಸರ್ ಓದುವುದು ಈ ಪಟ್ಟಿಯನ್ನು ಮಾತ್ರ. ಕಾಮನ್ ನೇಮ್ ಎಂಬ ಹಳೆಯ ಅಂಕಣವನ್ನು ಕ್ರೋಮ್ 2017ರ 58ನೇ ಆವೃತ್ತಿಯಿಂದ ನೋಡುವುದನ್ನೇ ಬಿಟ್ಟಿದೆ. ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಸ್ಟಾರ್ ಹೆಸರುಗಳೂ ಇರಬಹುದು. ನಮ್ಮ ಲಾಡ್ಜಿಗೆ ಬೇಕಾದವು ನಾಲ್ಕು: ಎಕ್ಸಾಂಪಲ್.ಕಾಮ್, *.ಎಕ್ಸಾಂಪಲ್.ಕಾಮ್, *.ಉಡುಪಿ.ಎಕ್ಸಾಂಪಲ್.ಕಾಮ್, *.ಮಲ್ಪೆ.ಎಕ್ಸಾಂಪಲ್.ಕಾಮ್. ಉಡುಪಿ.ಎಕ್ಸಾಂಪಲ್.ಕಾಮ್ ಎಂದು ಬೇರೆ ಹಾಕಬೇಕಿಲ್ಲ, *.ಎಕ್ಸಾಂಪಲ್.ಕಾಮ್‌ನಲ್ಲಿ ಅದು ಬಂತು. ಹಾಕಿದರೆ ಲೆಟ್ಸ್ ಎನ್‌ಕ್ರಿಪ್ಟ್ (ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) "ಈ ಹೆಸರು ವೈಲ್ಡ್‌ಕಾರ್ಡ್‌ನಲ್ಲೇ ಇದೆ" ಎಂದು ಇಡೀ ಮನವಿಯನ್ನು ತಿರಸ್ಕರಿಸುತ್ತದೆ.

ಎಲ್ಲವೂ ಒಂದೇ ಸರ್ವರ್‌ನಲ್ಲಿದ್ದರೆ ನಾಲ್ಕೂ ಹೆಸರು ಒಂದೇ ಸರ್ಟಿಫಿಕೇಟಿನಲ್ಲಿರಲಿ. ಶಾಖೆಗೊಂದು ಸರ್ವರ್ ಇದ್ದರೆ ಶಾಖೆಗೊಂದು ಸರ್ಟಿಫಿಕೇಟ್ ಮಾಡಿ. ಮಲ್ಪೆಯ ಯಂತ್ರದಲ್ಲಿ ಮಲ್ಪೆ.ಎಕ್ಸಾಂಪಲ್.ಕಾಮ್ ಮತ್ತು *.ಮಲ್ಪೆ.ಎಕ್ಸಾಂಪಲ್.ಕಾಮ್ ಎಂಬ ಎರಡು ಹೆಸರು ಸಾಕು. ಒಂದೇ ದೊಡ್ಡ ಸರ್ಟಿಫಿಕೇಟ್ ಮಾಡಿ ಅದರ ಪ್ರೈವೇಟ್ ಕೀಯನ್ನು ಪೆನ್‌ಡ್ರೈವ್‌ನಲ್ಲೋ ಇಮೇಲ್‌ನಲ್ಲೋ ಎಲ್ಲ ಶಾಖೆಗಳಿಗೂ ಹಂಚುವುದನ್ನು ದಯವಿಟ್ಟು ಮಾಡಬೇಡಿ. ಕೌಂಟರಿನ ಕೆಳಗಿಟ್ಟ ಒಂದು ಕಂಪ್ಯೂಟರ್‌ಗೆ ವೈರಸ್ ಹೊಕ್ಕರೆ, ಆ ಕೀ ಹಿಡಿದವರು ಮುಖ್ಯ ಕಚೇರಿಯ ಸೈಟಿನಂತೆಯೂ ನಟಿಸಬಹುದು. ಆಗ ಎಲ್ಲ ಶಾಖೆಗಳ ಸರ್ಟಿಫಿಕೇಟನ್ನೂ ಒಂದೇ ದಿನ ರದ್ದು ಮಾಡಿ ಬದಲಿಸಬೇಕಾಗುತ್ತದೆ.

ದುಡ್ಡು ಕೊಟ್ಟು ಕೊಳ್ಳುವವರು ಗಮನಿಸಿ: ಸಾಮಾನ್ಯ ವೈಲ್ಡ್‌ಕಾರ್ಡ್ ಎಂದರೆ ಒಂದು ಸ್ಟಾರ್. ಹಲವು ಸ್ಟಾರ್ ಬೇಕಿದ್ದರೆ ಕೇಳಬೇಕಾದ್ದು ಮಲ್ಟಿ-ಡೊಮೈನ್ ವೈಲ್ಡ್‌ಕಾರ್ಡ್. ಕ್ಲೌಡ್‌ಫ್ಲೇರ್ (ಗ್ರಾಹಕರಿಗೂ ನಿಮ್ಮ ಸರ್ವರ್‌ಗೂ ನಡುವೆ ನಿಲ್ಲುವ ಸೇವೆ) ಹಿಂದೆ ಸೈಟ್ ಇಟ್ಟವರಿಗೂ ಇದೇ ಮಾತು. ಅದರ ಉಚಿತ ಯೂನಿವರ್ಸಲ್ ಎಸ್‌ಎಸ್‌ಎಲ್ ಮುಖ್ಯ ಹೆಸರು ಮತ್ತು ಮೊದಲ ಮಟ್ಟಕ್ಕಷ್ಟೇ. ನಿಮ್ಮ ಸರ್ವರ್‌ನಲ್ಲಿ ಎಷ್ಟೇ ಒಳ್ಳೆಯ ಸರ್ಟಿಫಿಕೇಟ್ ಇದ್ದರೂ, ಕಿತ್ತಳೆ ಮೋಡದ ಗುರುತು ಆನ್ ಇದ್ದರೆ ಗ್ರಾಹಕರಿಗೆ ಕಾಣುವುದು ಕ್ಲೌಡ್‌ಫ್ಲೇರ್‌ನ ಸರ್ಟಿಫಿಕೇಟ್. ಒಳಗಿನ ಮಟ್ಟಕ್ಕೆ ಅಲ್ಲಿ ಹಣ ಕೊಡುವ ಸೌಲಭ್ಯ ತೆಗೆದುಕೊಳ್ಳಬೇಕು, ಇಲ್ಲವೇ ಆ ಹೆಸರಿಗೆ ಮೋಡ ಆಫ್ ಮಾಡಬೇಕು.

ಹಂತ 5: ಸಾಮಗ್ರಿ ಮತ್ತು ಅನುಮತಿ

ಬೇಕಾದ್ದು ಇಷ್ಟು: ಡೊಮೈನ್‌ನ ಡಿಎನ್‌ಎಸ್ ಪ್ಯಾನೆಲ್‌ಗೆ ಲಾಗಿನ್, ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಆದೇಶ ಕೊಡುವ ದಾರಿ), ಸರ್ಟ್‌ಬಾಟ್ ಅಥವಾ ಅಂಥದ್ದೇ ಒಂದು ಆಕ್ಮಿ ತಂತ್ರಾಂಶ (ಸರ್ಟಿಫಿಕೇಟ್ ಕೇಳಿ ತರುವ ತಂತ್ರಾಂಶ), ಪರೀಕ್ಷೆಗೆ ಡಿಗ್, ಕರ್ಲ್, ಓಪನ್‌ಎಸ್‌ಎಸ್‌ಎಲ್ ಎಂಬ ಆದೇಶಗಳು. ಡಿಎನ್‌ಎಸ್ ಪ್ಯಾನೆಲ್ ಯಾರ ಕೈಯಲ್ಲಿದೆ ಎಂದು ಮೊದಲೇ ಪತ್ತೆ ಹಚ್ಚಿ. ಡೊಮೈನ್ ಕೊಂಡ ಕಂಪನಿ ಒಂದು, ನೇಮ್‌ಸರ್ವರ್ ಇನ್ನೊಂದು ಕಡೆ ಇರುವುದು ಸಾಮಾನ್ಯ. ದಾಖಲೆ ಸೇರಿಸಬೇಕಾದ್ದು ನೇಮ್‌ಸರ್ವರ್ ಇರುವಲ್ಲಿ. ಡಿಗ್‌ನಲ್ಲಿ ಎನ್‌ಎಸ್ ದಾಖಲೆ ಕೇಳಿದರೆ ಅದು ಎಲ್ಲಿದೆ ಎಂದು ತಿಳಿಯುತ್ತದೆ.

ಸಿಎಎ ದಾಖಲೆಯನ್ನೂ ಒಮ್ಮೆ ನೋಡಿ. ಯಾವ ಸಂಸ್ಥೆ ನಿಮ್ಮ ಡೊಮೈನ್‌ಗೆ ಸರ್ಟಿಫಿಕೇಟ್ ಕೊಡಬಹುದು ಎಂದು ಹೇಳುವ ದಾಖಲೆ ಅದು. ಅದರಲ್ಲಿ ಇಶ್ಯೂ ಎಂಬ ಸಾಲು ಸಾಮಾನ್ಯ ಹೆಸರುಗಳಿಗೆ, ಇಶ್ಯೂವೈಲ್ಡ್ ಎಂಬ ಸಾಲು ಸ್ಟಾರ್ ಹೆಸರುಗಳಿಗೆ. ಇಶ್ಯೂವೈಲ್ಡ್ ಇದ್ದರೆ ಸ್ಟಾರ್ ವಿಷಯದಲ್ಲಿ ಇಶ್ಯೂ ಸಾಲಿಗೆ ಬೆಲೆಯಿಲ್ಲ. ಹಿಂದೆ ಯಾರೋ ಇಶ್ಯೂವೈಲ್ಡ್‌ನಲ್ಲಿ ಬೇರೆ ಸಂಸ್ಥೆಯ ಹೆಸರು ಹಾಕಿಟ್ಟಿದ್ದರೆ ಮಾಮೂಲಿ ಸರ್ಟಿಫಿಕೇಟ್ ಸಿಗುತ್ತದೆ, ವೈಲ್ಡ್‌ಕಾರ್ಡ್ ಮಾತ್ರ ಸಿಗುವುದಿಲ್ಲ. *.ಉಡುಪಿಗೆ ಕೇಳಿದಾಗ ಸಂಸ್ಥೆ ಮೊದಲು ಉಡುಪಿ.ಎಕ್ಸಾಂಪಲ್.ಕಾಮ್‌ನಲ್ಲಿ ಸಿಎಎ ಹುಡುಕಿ, ಇಲ್ಲದಿದ್ದರೆ ಎಕ್ಸಾಂಪಲ್.ಕಾಮ್‌ಗೆ ಏರುತ್ತದೆ. ಉಡುಪಿ ಎಂಬುದು ಬೇರೆ ಕಂಪನಿಯ ವಿಳಾಸಕ್ಕೆ ಸಿನೇಮ್ (ಒಂದು ಹೆಸರನ್ನು ಇನ್ನೊಂದಕ್ಕೆ ಕಳಿಸುವ ದಾಖಲೆ) ಆಗಿದ್ದರೆ ಆ ಕಂಪನಿಯ ಸಿಎಎ ಅನ್ವಯವಾಗುತ್ತದೆ. ಇದನ್ನು ಬಹಳ ಮಂದಿ ಊಹಿಸಿರುವುದಿಲ್ಲ.

ಹಂತ 6: ಟಿಎಕ್ಸ್‌ಟಿ ದಾಖಲೆ ಹಾಕಿ ಸರ್ಟಿಫಿಕೇಟ್ ಪಡೆಯಿರಿ

ಲೆಟ್ಸ್ ಎನ್‌ಕ್ರಿಪ್ಟ್ 2018ರ ಮಾರ್ಚ್‌ನಿಂದ ವೈಲ್ಡ್‌ಕಾರ್ಡ್ ಕೊಡುತ್ತಿದೆ, ಆದರೆ ಡಿಎನ್‌ಎಸ್ ಮೂಲಕ ಒಡೆತನ ತೋರಿಸಿದರೆ ಮಾತ್ರ. ಸರ್ವರ್‌ನ ಫೋಲ್ಡರ್‌ನಲ್ಲಿ ಫೈಲ್ ಇಟ್ಟು ತೋರಿಸುವ ವಿಧಾನ ಸ್ಟಾರ್ ಹೆಸರಿಗೆ ನಡೆಯುವುದಿಲ್ಲ. ಇದರಲ್ಲಿ ಒಂದು ಅನುಕೂಲವೂ ಇದೆ. ಮಲ್ಪೆಯ ಬಿಲ್ ಯಂತ್ರ ಲಾಡ್ಜಿನ ಒಳಜಾಲದಲ್ಲಷ್ಟೇ ಇದ್ದು, ಹೊರಗಿನಿಂದ ಯಾರೂ ತಲುಪಲಾಗದಿದ್ದರೂ ಅದಕ್ಕೆ ಸರ್ಟಿಫಿಕೇಟ್ ಸಿಗುತ್ತದೆ.

ಮೊದಲು ಸ್ಟೇಜಿಂಗ್‌ನಲ್ಲಿ, ಅಂದರೆ ಪರೀಕ್ಷಾ ಸರ್ವರ್‌ನಲ್ಲಿ ಓಡಿಸಿ. ಸರ್ಟ್‌ಬಾಟ್‌ನಲ್ಲಿ ಅದಕ್ಕೆ ಡ್ರೈ-ರನ್ ಎಂಬ ಆಯ್ಕೆ ಇದೆ. ಅಸಲಿ ಸರ್ವರ್‌ನಲ್ಲಿ ಒಂದೇ ಹೆಸರಿಗೆ ಒಂದು ಖಾತೆಯಿಂದ ಗಂಟೆಗೆ 5 ಸಲ ಪರಿಶೀಲನೆ ವಿಫಲವಾದರೆ ಕಾಯಬೇಕಾಗುತ್ತದೆ. ಅದೇ ಹೆಸರುಗಳ ಗುಂಪಿಗೆ 7 ದಿನದಲ್ಲಿ 5 ಸರ್ಟಿಫಿಕೇಟ್‌ಗಿಂತ ಹೆಚ್ಚು ಸಿಗುವುದಿಲ್ಲ. "ಇನ್ನೊಂದ್ಸಲ ನೋಡುವ" ಎಂದು ಎಂಟರ್ ಒತ್ತುತ್ತಾ ಹೋದವರು ಒಂದೆರಡು ದಿನ ಕೈಕಟ್ಟಿ ಕೂರಬೇಕಾದೀತು.

ಆದೇಶದಲ್ಲಿ ಸ್ಟಾರ್ ಇರುವ ಪ್ರತಿ ಹೆಸರನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ. ಇಲ್ಲದಿದ್ದರೆ ಲಿನಕ್ಸ್ ಶೆಲ್ ಆ ಸ್ಟಾರ್ ಅನ್ನು ಫೈಲ್ ಹುಡುಕುವ ಗುರುತೆಂದು ತಿಳಿಯುವ ಅಪಾಯವಿದೆ.

ಈಗ ಪ್ಯಾನೆಲ್. *.ಉಡುಪಿ.ಎಕ್ಸಾಂಪಲ್.ಕಾಮ್‌ಗೆ ದಾಖಲೆಯ ಹೆಸರು _ಆಕ್ಮಿ-ಚಾಲೆಂಜ್.ಉಡುಪಿ.ಎಕ್ಸಾಂಪಲ್.ಕಾಮ್. ಹೆಸರಿನಲ್ಲಿ ಸ್ಟಾರ್ ಬರುವುದಿಲ್ಲ. ಪ್ಯಾನೆಲ್‌ನಲ್ಲಿ ನಾಲ್ಕು ಚೌಕಗಳಿರುತ್ತವೆ: ಟೈಪ್, ಹೋಸ್ಟ್, ವ್ಯಾಲ್ಯೂ, ಟಿಟಿಎಲ್. ಹೋಸ್ಟ್ ಚೌಕದ ಬಲಕ್ಕೆ ಬೂದು ಬಣ್ಣದಲ್ಲಿ .ಎಕ್ಸಾಂಪಲ್.ಕಾಮ್ ಎಂದು ಸಣ್ಣದಾಗಿ ಬರೆದಿದ್ದರೆ, ಉಳಿದದ್ದನ್ನು ಪ್ಯಾನೆಲ್ ತಾನೇ ಸೇರಿಸುತ್ತದೆ ಎಂದರ್ಥ. ಅಲ್ಲಿ _ಆಕ್ಮಿ-ಚಾಲೆಂಜ್.ಉಡುಪಿ ಎಂದಷ್ಟೇ ಹಾಕಿ. ಪೂರ್ತಿ ಹೆಸರು ಅಂಟಿಸಿದರೆ ದಾಖಲೆ _ಆಕ್ಮಿ-ಚಾಲೆಂಜ್.ಉಡುಪಿ.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಎಂಬಲ್ಲಿ ಹೋಗಿ ಕೂರುತ್ತದೆ. ಪ್ಯಾನೆಲ್ ಹಸಿರು ಟಿಕ್ ತೋರಿಸುತ್ತದೆ, ಪರಿಶೀಲನೆ ಮಾತ್ರ ಸೋಲುತ್ತದೆ. ಒಳ ಸಬ್‌ಡೊಮೈನ್ ವಿಷಯದಲ್ಲಿ ಇನ್ನೂ ಹೆಚ್ಚು ಕಾಣುವ ತಪ್ಪು, ಉಡುಪಿ ಎಂಬ ಭಾಗ ಬಿಟ್ಟು ಬರಿಯ _ಆಕ್ಮಿ-ಚಾಲೆಂಜ್ ಎಂದು ಹಾಕುವುದು. ಅದು ಮೇಲಿನ ಡೊಮೈನ್‌ನ ದಾಖಲೆ, ಉಡುಪಿಯದಲ್ಲ. ಪ್ರತಿ ಸ್ಟಾರ್ ಹೆಸರಿಗೂ ಅದರದರ ಜಾಗದಲ್ಲೇ ದಾಖಲೆ ಬೇಕು.

ಇನ್ನೊಂದು ಜಾಗದಲ್ಲಿ ಬಹಳ ಮಂದಿ ಎಡವುತ್ತಾರೆ. ಎಕ್ಸಾಂಪಲ್.ಕಾಮ್ ಮತ್ತು *.ಎಕ್ಸಾಂಪಲ್.ಕಾಮ್ ಎರಡನ್ನೂ ಕೇಳಿದಾಗ ಎರಡಕ್ಕೂ ದಾಖಲೆಯ ಹೆಸರು ಒಂದೇ, ವ್ಯಾಲ್ಯೂ ಮಾತ್ರ ಬೇರೆ. ಎರಡನೆಯದನ್ನು ಹಾಕುವಾಗ ಮೊದಲನೆಯದನ್ನು ತಿದ್ದಬೇಡಿ, ಅಳಿಸಬೇಡಿ. ಒಂದೇ ಹೆಸರಿನಲ್ಲಿ ಎರಡು ಟಿಎಕ್ಸ್‌ಟಿ ದಾಖಲೆಗಳು ಒಟ್ಟಿಗೆ ಇರಬೇಕು. ಡಿಎನ್‌ಎಸ್‌ನಲ್ಲಿ ಅದು ಪೂರ್ತಿ ಕ್ರಮಬದ್ಧ.

ಎಂಟರ್ ಒತ್ತುವ ಮೊದಲು ಡಿಗ್‌ನಲ್ಲಿ ನಿಮ್ಮ ಅಧಿಕೃತ ನೇಮ್‌ಸರ್ವರ್‌ನ ಹೆಸರನ್ನು ಅಟ್ ಚಿಹ್ನೆಯೊಂದಿಗೆ ಕೊಟ್ಟು ನೇರವಾಗಿ ಅದನ್ನೇ ಕೇಳಿ. ಎಲ್ಲ ನೇಮ್‌ಸರ್ವರ್‌ಗಳೂ ಒಂದೇ ಉತ್ತರ ಕೊಡುವವರೆಗೆ ಕಾಯಿರಿ. ಮನೆಯ ಬ್ರಾಡ್‌ಬ್ಯಾಂಡ್ ರೆಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಅನ್ನು ಕೇಳುತ್ತಾ ಕೂತರೆ ಅದು "ಇಲ್ಲ" ಎಂಬ ಹಳೆಯ ಉತ್ತರವನ್ನೇ ನೆನಪಿಟ್ಟುಕೊಂಡು ಮತ್ತೆ ಮತ್ತೆ ಹೇಳುತ್ತದೆ.

ಹಂತ 7: ಹಾಕುವ ಮೊದಲೇ ಪರೀಕ್ಷಿಸಿ

ಸರ್ಟಿಫಿಕೇಟ್ ಕೈಗೆ ಬಂತು. ಸರ್ವರ್‌ಗೆ ಹಾಕುವ ಮುನ್ನ ಓಪನ್‌ಎಸ್‌ಎಸ್‌ಎಲ್‌ನ ಎಕ್ಸ್509 ಆದೇಶದಲ್ಲಿ ಚೆಕ್‌ಹೋಸ್ಟ್ ಎಂಬ ಆಯ್ಕೆ ಬಳಸಿ. ಸರ್ಟಿಫಿಕೇಟ್ ಫೈಲ್ ಒಂದು ಕಡೆ, ಹಂತ 1ರ ಪಟ್ಟಿಯ ಹೆಸರು ಇನ್ನೊಂದು ಕಡೆ ಕೊಟ್ಟರೆ, ಆ ಹೆಸರು ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ಪಟ್ಟಿಯ ಒಂದೊಂದು ಹೆಸರನ್ನೂ ಹೀಗೆ ಹಾಯಿಸಿ. ಈ ಎರಡು ನಿಮಿಷದ ಕೆಲಸ ಮಾಡಿದವರಿಗೆ ಕೌಂಟರಿನಿಂದ ಆ ಫೋನ್ ಬರುವುದಿಲ್ಲ.

ಹಂತ 8: ಸರ್ವರ್‌ಗೆ ಹಾಕುವುದು

ಎಂಜಿನ್‌ಎಕ್ಸ್‌ನಲ್ಲಿ ಫುಲ್‌ಚೈನ್ ಎಂಬ ಫೈಲನ್ನೇ ಕೊಡಿ, ಬರಿಯ ಸರ್ಟ್ ಎಂಬುದನ್ನಲ್ಲ. ನಡುವಿನ ಸರ್ಟಿಫಿಕೇಟ್ ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ, ಗ್ರಾಹಕರ ಕೆಲವು ಫೋನ್‌ಗಳಲ್ಲಿ ತೆರೆಯುವುದಿಲ್ಲ.

ಶಾಖೆಗೊಂದು ಸರ್ಟಿಫಿಕೇಟ್ ಮಾಡಿದ್ದರೆ ಶಾಖೆಗೊಂದು ಸರ್ವರ್ ಬ್ಲಾಕ್ ಬರೆಯಿರಿ. *.ಎಕ್ಸಾಂಪಲ್.ಕಾಮ್ ಮತ್ತು *.ಉಡುಪಿ.ಎಕ್ಸಾಂಪಲ್.ಕಾಮ್ ಎರಡೂ ಇದ್ದಾಗ ಎಂಜಿನ್‌ಎಕ್ಸ್ ಉದ್ದನೆಯದನ್ನು ಆರಿಸುತ್ತದೆ. ಆದ್ದರಿಂದ ಬುಕಿಂಗ್.ಉಡುಪಿ ಕೇಳಿದವರಿಗೆ ಉಡುಪಿಯ ಸರ್ಟಿಫಿಕೇಟ್ ಸಿಗುತ್ತದೆ. ಉಡುಪಿಯ ಬ್ಲಾಕ್ ಬರೆಯುವುದನ್ನು ಮರೆತರೆ ಮೇಲಿನ ಸ್ಟಾರ್ ಅದನ್ನು ಸದ್ದಿಲ್ಲದೆ ಹಿಡಿದು ತಪ್ಪು ಸರ್ಟಿಫಿಕೇಟ್ ಕೊಡುತ್ತದೆ. ಯಾವ ಬ್ಲಾಕಿಗೂ ಸೇರದ ಹೆಸರುಗಳಿಗೆ ಒಂದು ಡಿಫಾಲ್ಟ್ ಬ್ಲಾಕ್ ಇಟ್ಟು, ಅಲ್ಲಿ ಎಸ್‌ಎಸ್‌ಎಲ್ ರಿಜೆಕ್ಟ್ ಹ್ಯಾಂಡ್‌ಶೇಕ್ ಆನ್ ಮಾಡಿ. 1.19.4ರಿಂದ ಈಚಿನ ಆವೃತ್ತಿಗಳಲ್ಲಿ ಇದು ಇದೆ. ತಪ್ಪು ಸರ್ಟಿಫಿಕೇಟ್ ತೋರಿಸುವುದಕ್ಕಿಂತ ನೇರವಾಗಿ ನಿರಾಕರಿಸುವುದು ಮೇಲು, ತೊಂದರೆ ಎಲ್ಲಿದೆ ಎಂದು ಬೇಗ ತಿಳಿಯುತ್ತದೆ.

ಎಚ್‌ಎಸ್‌ಟಿಎಸ್ ಹೆಡರಿನಲ್ಲಿ (ಎಚ್‌ಟಿಟಿಪಿಎಸ್‌ನಲ್ಲೇ ಬಾ ಎಂದು ಬ್ರೌಸರಿಗೆ ಹೇಳುವ ಸಾಲು) ಇನ್‌ಕ್ಲೂಡ್ ಸಬ್‌ಡೊಮೈನ್ಸ್ ಎಂಬುದನ್ನು ಈಗಲೇ ಹಾಕಬೇಡಿ. ಅದು ಎಲ್ಲ ಮಟ್ಟಕ್ಕೂ ಇಳಿಯುತ್ತದೆ. ಒಮ್ಮೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡರೆ, ಒಳಗಿನ ಯಾವುದಾದರೂ ಹೆಸರಿನ ಸರ್ಟಿಫಿಕೇಟ್ ತಪ್ಪಿದಾಗ "ಆದರೂ ಮುಂದುವರಿಯಿರಿ" ಎಂಬ ಗುಂಡಿ ಕೂಡ ಸಿಗುವುದಿಲ್ಲ. ಪಟ್ಟಿಯ ಎಲ್ಲ ಹೆಸರು ಒಂದು ನವೀಕರಣ ದಾಟಿದ ಮೇಲೆ ಹಾಕಿ.

ಹಾಕಿ ಮುಗಿದ ಮೇಲೆ ಮೊಬೈಲ್ ಡೇಟಾದಿಂದ, ಅಂದರೆ ಕಚೇರಿಯ ಜಾಲದ ಹೊರಗಿನಿಂದ, ಪ್ರತಿ ಹೆಸರನ್ನೂ ಒಮ್ಮೆ ತೆರೆಯಿರಿ. ಕರ್ಲ್‌ನಲ್ಲಿ ದೋಷ ಸಂಖ್ಯೆ 60 ಬಂದು, ಪರ್ಯಾಯ ಹೆಸರುಗಳಲ್ಲಿ ಯಾವುದೂ ಹೊಂದುತ್ತಿಲ್ಲ ಎಂಬ ಸಾಲು ಕಂಡರೆ, ಅಲ್ಲಿ ಬೇರೆ ಸರ್ಟಿಫಿಕೇಟ್ ಹೋಗುತ್ತಿದೆ ಎಂದು ತಿಳಿಯಿರಿ.

ಹಂತ 9: ನವೀಕರಣವನ್ನು ಯಂತ್ರಕ್ಕೆ ಒಪ್ಪಿಸಿ

ಕೈಯಿಂದ ಟಿಎಕ್ಸ್‌ಟಿ ಹಾಕಿ ಪಡೆದ ಸರ್ಟಿಫಿಕೇಟ್ ತಾನಾಗಿ ನವೀಕರಣ ಆಗುವುದಿಲ್ಲ. ಸರ್ಟ್‌ಬಾಟ್‌ನ ಮ್ಯಾನುಯಲ್ ವಿಧಾನ ಕಲಿಯುವುದಕ್ಕೆ ಚೆನ್ನಾಗಿದೆ, ನಡೆಸುವುದಕ್ಕಲ್ಲ. ದುಡ್ಡು ಕೊಟ್ಟು ಕೊಂಡವರೂ ಇದನ್ನು ತಪ್ಪಿಸಿಕೊಳ್ಳಲಾರರು. ಸಿಎ/ಬ್ರೌಸರ್ ಫೋರಂ (ಸರ್ಟಿಫಿಕೇಟ್ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿದ ಕೂಟ) 2025ರಲ್ಲಿ ಒಪ್ಪಿದ ನಿಯಮದಂತೆ ಸರ್ಟಿಫಿಕೇಟಿನ ಗರಿಷ್ಠ ಅವಧಿ 398 ದಿನಗಳಿಂದ 2026ರ ಮಾರ್ಚ್ 15ಕ್ಕೆ 200 ದಿನಕ್ಕೆ, 2027ರ ಮಾರ್ಚ್ 15ಕ್ಕೆ 100 ದಿನಕ್ಕೆ, 2029ರ ಮಾರ್ಚ್ 15ಕ್ಕೆ 47 ದಿನಕ್ಕೆ ಇಳಿಯುತ್ತದೆ. ನಾಲ್ಕು ಹೆಸರುಗಳಿಗೆ ಒಂದೂವರೆ ತಿಂಗಳಿಗೊಮ್ಮೆ ಕೈಯಿಂದ ದಾಖಲೆ ಹಾಕುತ್ತಾ ಕೂರಲು ಯಾರಿಂದಲೂ ಆಗದು.

ನಿಮ್ಮ ಡಿಎನ್‌ಎಸ್ ಕಂಪನಿಗೆ ಎಪಿಐ ಇದ್ದರೆ ಸರ್ಟ್‌ಬಾಟ್ ಪ್ಲಗಿನ್, ಆಕ್ಮಿ.ಎಸ್‌ಎಚ್ ಅಥವಾ ಲೆಗೊ ಬಳಸಿ. ಎಪಿಐ ಟೋಕನ್‌ಗೆ ಆ ಒಂದು ಡೊಮೈನ್‌ನ ದಾಖಲೆ ತಿದ್ದುವ ಅಧಿಕಾರ ಮಾತ್ರ ಇರಲಿ, ಪೂರ್ತಿ ಖಾತೆಯ ಕೀಲಿಯನ್ನು ಶಾಖೆಯ ಯಂತ್ರದಲ್ಲಿ ಇಡಬೇಡಿ. ಎಪಿಐ ಇಲ್ಲದಿದ್ದರೆ _ಆಕ್ಮಿ-ಚಾಲೆಂಜ್.ಉಡುಪಿಯನ್ನು ಎಪಿಐ ಇರುವ ಬೇರೊಂದು ಡೊಮೈನ್‌ಗೆ ಸಿನೇಮ್ ಮಾಡಿ. ಸಂಸ್ಥೆ ಆ ಸಿನೇಮ್ ಹಿಂಬಾಲಿಸಿ ಅಲ್ಲಿನ ಟಿಎಕ್ಸ್‌ಟಿ ಓದುತ್ತದೆ. ಮುಖ್ಯ ಡೊಮೈನ್ ಮುಟ್ಟದೆ ಕೆಲಸವಾಗುತ್ತದೆ. ಪ್ರತಿ ಶಾಖೆಗೂ ಬೇರೆ ಸಿನೇಮ್ ಹಾಕಬೇಕು ಎನ್ನುವುದನ್ನು ಮರೆಯಬೇಡಿ.

ಹೊಸ ಸರ್ಟಿಫಿಕೇಟ್ ಬಂದ ಮೇಲೆ ಎಂಜಿನ್‌ಎಕ್ಸ್ ರೀಲೋಡ್ ಆಗಬೇಕು. ಡಿಪ್ಲಾಯ್ ಹುಕ್‌ನಲ್ಲಿ ಆ ಆದೇಶ ಬರೆದಿಡಿ. ಫೈಲ್ ಹೊಸದು, ನಡೆಯುತ್ತಿರುವುದು ಹಳೆಯದು ಎಂಬ ಸ್ಥಿತಿ ಬಹಳ ಸಾಮಾನ್ಯ. ಅವಧಿ ಮುಗಿಯುವ ಮುನ್ನ ಇಮೇಲ್ ಬರುತ್ತದೆ ಎಂದು ಕಾಯಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಆ ಇಮೇಲ್‌ಗಳನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಫೈಲಿನ ದಿನಾಂಕವನ್ನಲ್ಲ, ಸೈಟಿನಲ್ಲಿ ಕಾಣುವ ದಿನಾಂಕವನ್ನು ನೋಡುವ ಒಂದು ನಿಗಾ ವ್ಯವಸ್ಥೆ ಇಟ್ಟುಕೊಳ್ಳಿ.

ಉಡುಪಿಯವರಿಗೆ ಒಂದು ಮಾತು: ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪರ್ಯಾಯ ಉತ್ಸವ ಬರುತ್ತದೆ, ಆ ವಾರ ಲಾಡ್ಜ್ ಬುಕಿಂಗ್ ಪುಟಕ್ಕೆ ಬಿಡುವಿರುವುದಿಲ್ಲ. ಸರ್ಟಿಫಿಕೇಟ್ ಬದಲಾವಣೆ, ಹೆಸರು ಬದಲಾವಣೆ ಏನಿದ್ದರೂ ಡಿಸೆಂಬರ್‌ನಲ್ಲೇ ಮುಗಿಸಿ.

ದೋಷ ಬಂದಾಗ ಏನು ಓದಬೇಕು

ಎಚ್ಚರಿಕೆ ಪುಟದ ಕೆಳಗೆ ಇಂಗ್ಲಿಷಿನಲ್ಲಿ ದೋಷದ ಹೆಸರಿರುತ್ತದೆ. ಫೋನ್ ಮಾಡಿದವರಿಂದ ಅದರ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ, "ಕೆಂಪು ಬರ್ತಾ ಉಂಟು" ಎಂಬುದರಿಂದ ಏನೂ ತಿಳಿಯದು.

ಕ್ರೋಮ್‌ನಲ್ಲಿ ಕಾಮನ್ ನೇಮ್ ಇನ್‌ವ್ಯಾಲಿಡ್ ಎಂದಿದ್ದರೆ ಹೆಸರು ಹೊಂದುತ್ತಿಲ್ಲ. ಫೈರ್‌ಫಾಕ್ಸ್‌ನಲ್ಲಿ ಅದೇ ಬ್ಯಾಡ್ ಸರ್ಟ್ ಡೊಮೈನ್. ಹಂತ 1ಕ್ಕೆ ಹೋಗಿ ಭಾಗ ಎಣಿಸಿ. ಹೆಸರು ಪಟ್ಟಿಯಲ್ಲಿದ್ದೂ ಹೀಗೆ ಬಂದರೆ ಹಂತ 8ರ ಬ್ಲಾಕ್ ನೋಡಿ.

ಅಥಾರಿಟಿ ಇನ್‌ವ್ಯಾಲಿಡ್ ಎಂದರೆ ಹೆಸರಿನ ತಕರಾರಲ್ಲ. ಫುಲ್‌ಚೈನ್ ಹಾಕಿಲ್ಲ, ಅಥವಾ ಸ್ಟೇಜಿಂಗ್‌ನ ಪರೀಕ್ಷಾ ಸರ್ಟಿಫಿಕೇಟನ್ನೇ ಹಾಕಿದ್ದೀರಿ. ಸೈಟೇ ಸಿಗುತ್ತಿಲ್ಲ, ಹೆಸರಿಗೆ ಐಪಿ ಇಲ್ಲ ಎಂದಾದರೆ ಅದು ಸರ್ಟಿಫಿಕೇಟಿನ ಕೆಲಸವಲ್ಲ, ಹಂತ 2ರ ಡಿಎನ್‌ಎಸ್ ಸ್ಟಾರ್ ನೋಡಿ.

ಡೇಟ್ ಇನ್‌ವ್ಯಾಲಿಡ್ ಎಂದು ಎಲ್ಲ ಕಡೆಯೂ ಬಂದರೆ ಅವಧಿ ಮುಗಿದಿದೆ ಅಥವಾ ರೀಲೋಡ್ ಆಗಿಲ್ಲ. ಒಂದೇ ಒಂದು ಕೌಂಟರಿನಲ್ಲಿ, ಅದೂ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಬಂದರೆ, ಮೊದಲು ಆ ಕಂಪ್ಯೂಟರಿನ ಗಡಿಯಾರ ನೋಡಿ. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಹೆಚ್ಚಿನವಕ್ಕೆ ಸಿಆರ್2032 ಸೆಲ್ ಹೊಂದುತ್ತದೆ. ಅದನ್ನು ಬದಲಿಸಿ ದಿನಾಂಕ ಸರಿಮಾಡಿ, ಸರ್ವರ್ ಕಡೆ ಏನನ್ನೂ ಮುಟ್ಟಬೇಡಿ.